ಬ್ರೆಡ್ ವ್ಯಾನಿನ ಹಳದಿ ದೀಪ

ಗಾಡಿ ಇನ್ನೂ ಗ್ಯಾರೇಜಿನ ಗೇಟಿನ ಹತ್ತಿರ ಇರುವಾಗಲೇ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ವಾರೆ ಮಾಡಿ ನಿಂತುಬಿಡುತ್ತಿದ್ದ. ಗಾಡಿ ಒಳಗೆ ಬಂದು ನಿಲ್ಲುವ ಹೊತ್ತಿಗೆ ತೀರ್ಪು ತಯಾರಾಗಿರುತ್ತಿತ್ತು: ಬೆಲ್ಟ್ ಸಡಿಲವಾಗಿದೆ, ಒಂದು ಪ್ಲಗ್ ಸರಿಯಾಗಿ ಉರಿಯುತ್ತಿಲ್ಲ, ಸೈಲೆನ್ಸರ್ ಸೀಳಿದೆ. ಬಿಚ್ಚಿ ನೋಡಿದರೆ ಬಹುಮಟ್ಟಿಗೆ ಅದೇ ಆಗಿರುತ್ತಿತ್ತು. ಹಾಗಾಗಿ ಜನ ಅವನನ್ನು ಕಿವಿ ಮೇಸ್ತ್ರಿ ಅಂತ ಕರೆಯತೊಡಗಿದರು. ಆ ಹೆಸರು ಅವನಿಗೂ ಹಿಡಿಸಿತ್ತು. ಪಕ್ಕದ ರಸ್ತೆಯ ಗ್ಯಾರೇಜಿನವರು ಗಾಡಿಯ ಕಂಪ್ಯೂಟರಿಗೆ ಚುಚ್ಚಿ ನೋಡುವ ಸ್ಕ್ಯಾನರ್ ತಂದಾಗ, "ಕಿವುಡರಿಗೆ ಕನ್ನಡಕ ಕೊಟ್ಟ ಹಾಗಾಯ್ತು" ಅಂತ ನಕ್ಕಿದ್ದ. ಆಮೇಲೆ ಗಿರಾಕಿಗಳ ಬಾಯಿ ಮುಚ್ಚಿಸಲು ತಾನೂ ಒಂದನ್ನು ಕೊಂಡ. ಅದು ಮೇಜಿನ ಡ್ರಾಯರಿನಲ್ಲಿ, ಹಳೆಯ ಕ್ಯಾಲೆಂಡರುಗಳ ಕೆಳಗೆ, ಹೊದ್ದು ಮಲಗಿತ್ತು.

ಅವನ ಅಕ್ಕನ ಗಂಡ ಬೇಕರಿ ಇಟ್ಟಿದ್ದರು. ಮೆತ್ತನೆಯ ಮನುಷ್ಯ, ಮೆತ್ತನೆಯ ಮಾತು. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಬಂದವರು ಒಂದು ಕುರ್ಚಿಯ ಮೇಲೆ ಕೂತರು, ಕುರ್ಚಿಯ ಕಾಲು ಮುರಿಯಿತು. ಕೈ ತೊಳೆಯಲು ಹೋದರು, ನಲ್ಲಿಯ ತಲೆ ಕೈಗೆ ಬಂತು. "ಭಾವ ಮುಟ್ಟಿದ್ರು, ಮುರೀತು" ಅಂತ ಅವತ್ತು ಹದಿಹರೆಯದ ಮೇಸ್ತ್ರಿ ಕೂಗಿದ್ದೇ ತಡ, ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಭಾವನೂ ನಕ್ಕರು. ಆ ನಗು ಅಲ್ಲಿಗೇ ಮುಗಿಯಲಿಲ್ಲ. ಆಮೇಲೆ ಆ ಮನೆಯಲ್ಲಿ ಏನೇ ಕೆಟ್ಟರೂ, ಬಲ್ಬು ಸುಟ್ಟರೂ, ಬಾಗಿಲ ಚಿಲಕ ಸಿಕ್ಕಿಕೊಂಡರೂ, ಭಾವ ಊರಿನಲ್ಲೇ ಇಲ್ಲದಿದ್ದರೂ, ಅದು ಭಾವನ ಲೆಕ್ಕಕ್ಕೇ ಹೋಗುತ್ತಿತ್ತು. ದಿನಾ ಬೆಳಗ್ಗೆ ನೂರಾರು ಬನ್ನುಗಳನ್ನು ಒಂದೇ ತೂಕಕ್ಕೆ ಕೈಯಲ್ಲೇ ಉಂಡೆ ಕಟ್ಟುವ ಮನುಷ್ಯನಿಗೆ ಕೈ ನೆಟ್ಟಗಿಲ್ಲ ಅಂತ ಹೇಗೆ ಹೇಳುವುದು ಎಂಬ ಪ್ರಶ್ನೆಯೇ ಯಾರಿಗೂ ಹೊಳೆಯಲಿಲ್ಲ. ಭಾವ–ಮೈದುನರ ತಮಾಷೆ, ಅದಕ್ಕೆ ಯಾರು ಅಡ್ಡ ಬರುತ್ತಾರೆ?

ಒಂದು ದಿನ ಭಾವ ತಮ್ಮ ಬ್ರೆಡ್ ವ್ಯಾನ್ ತಂದು ಗ್ಯಾರೇಜಿನ ಎದುರು ನಿಲ್ಲಿಸಿದರು.

"ಈ ಹಳದಿ ದೀಪ ಹತ್ಕೊಂಡಿದೆ ನೋಡು" ಅಂದರು. "ಇಂಜಿನ್ ಚಿತ್ರ ಇದೆಯಲ್ಲ, ಅದು. ಸುಮ್ನೆ ನಿಂತಾಗ ಏನಿಲ್ಲ. ಆಸ್ಪತ್ರೆ ಏರು ಹತ್ತೋವಾಗ ಮಾತ್ರ ಉಸಿರು ಕಟ್ಟಿದ ಹಾಗೆ ಆಡುತ್ತೆ."

ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿದ. ಇಂಜಿನ್ ಸದ್ದು ನೂಲು ತೆಗೆದ ಹಾಗೆ ಒಂದೇ ಸಮನೆ ಬರುತ್ತಿತ್ತು.

"ಇಂಜಿನ್ ಬೆಣ್ಣೆ ಥರ ಇದೆ ಭಾವ. ಹೋದ ತಿಂಗಳು ತಾನೇ ಸರ್ವೀಸ್ ಮಾಡಿ ಕೊಟ್ಟಿದೀನಿ. ನೀವು ಏರಲ್ಲಿ ಗೇರ್ ಇಳಿಸಲ್ಲ, ಅಷ್ಟೇ. ಅದು ಏದುಸಿರು ಬಿಡುತ್ತೆ."

"ಇಳಿಸ್ತೀನಪ್ಪ."

"ಇಳಿಸಿದ್ರೆ ದೀಪ ಯಾಕೆ ಹತ್ತುತ್ತೆ?"

ಬ್ಯಾಟರಿಯ ತಂತಿ ಸ್ವಲ್ಪ ಹೊತ್ತು ಕಳಚಿಟ್ಟು ಮತ್ತೆ ಹಾಕಿದ. ದೀಪ ಆರಿತು. ಭಾವ ಅದನ್ನೇ ನೋಡಿ, ಅನುಮಾನದಲ್ಲೇ ತಲೆಯಾಡಿಸಿ ಹೋದರು. ವಾರ ಕಳೆಯುವುದರೊಳಗೆ ದೀಪ ಮತ್ತೆ ಹತ್ತಿತು. ಈ ಸಲ ಮೇಸ್ತ್ರಿ ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ. ಮತ್ತೆ ಆರಿತು, ಮತ್ತೆ ಹತ್ತಿತು. ಪ್ಲಗ್ಗುಗಳನ್ನು ಬದಲಾಯಿಸಿದ. ಎಲ್ಲೋ ದಾರಿಬದಿಯ ಕಲಬೆರಕೆ ಪೆಟ್ರೋಲ್ ಹಾಕಿಸಿದ್ದೀರಿ ಅಂದ. ಮೈದಾ ಮೂಟೆ ಹೆಚ್ಚು ಹೇರುತ್ತೀರಿ ಅಂದ. ಭಾವ ಪ್ರತಿ ಸಲವೂ ಅದನ್ನೇ ಹೇಳಿದರು: ಏರಿನಲ್ಲಿ ಉಸಿರು ಕಟ್ಟುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ಕೇಳಿದಾಗಲೆಲ್ಲ ಇಂಜಿನ್ ಬೆಣ್ಣೆಯೇ. ತನ್ನ ಕಿವಿಗೆ ಕೇಳದ ರೋಗ ಗಾಡಿಗೆ ಇರಲಾರದು, ಗಾಡಿ ಓಡಿಸುವವರಿಗೇ ಇರಬೇಕು ಎಂದು ಮೇಸ್ತ್ರಿ ಖಾತ್ರಿ ಮಾಡಿಕೊಂಡುಬಿಟ್ಟ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಭಾನುವಾರ ಮಧ್ಯಾಹ್ನ ಎಲ್ಲರೂ ಅಮ್ಮನ ಮನೆಯಲ್ಲಿ ಊಟಕ್ಕೆ ಸೇರುವುದು ವಾಡಿಕೆ. ಅಮ್ಮ, ಮೇಸ್ತ್ರಿ ಮತ್ತು ಅವನ ಹೆಂಡತಿ, ಅವನ ತಮ್ಮ, ಅಕ್ಕ, ಭಾವ, ಅವರ ಒಬ್ಬಳೇ ಮಗಳು. ಕಾಲೇಜಿಗೆ ಹೋಗುವ ಹುಡುಗಿ, ಅಪ್ಪನ ಹಾಗೆ ಕಡಿಮೆ ಮಾತು, ಅಮ್ಮನ ಹಾಗೆ ಚೂಪು ನೋಟ. ಆ ವಾರ ಊಟದ ನಡುವೆ ಅಕ್ಕ ಕೇಳಿದಳು, "ಅಲ್ವೋ, ಆ ದೀಪದ ಕಥೆ ಏನಾಯ್ತು?"

ಮೇಸ್ತ್ರಿಗೆ ಅಷ್ಟೇ ಸಾಕಾಯಿತು. ಎದ್ದು ನಿಂತು, ಭಾವ ಗಾಡಿ ಓಡಿಸುವ ಬಗೆಯನ್ನು ಅಭಿನಯಿಸಿ ತೋರಿಸಿದ. ಸ್ಟೀರಿಂಗನ್ನು ಮಗುವನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ ತಬ್ಬಿಕೊಂಡು, ಏರಿನಲ್ಲಿ ಗೇರ್ ಹುಡುಕುತ್ತ ಕಾಲ ಬಳಿಯೆಲ್ಲ ತಡಕಾಡಿದ. "ದೀಪ ಇಂಜಿನ್ನಿಗಲ್ಲ ಕಣಕ್ಕ. ಡ್ರೈವರ್ ಸೀಟಲ್ಲಿ ಯಾರು ಕೂತಿದಾರೆ ಅಂತ ಗಾಡಿ ಹೇಳ್ತಿದೆ. ಕಂಪನಿಯವನು ಭಾವನಿಗೋಸ್ಕರವೇ ಇಟ್ಟಿರೋ ದೀಪ ಅದು."

ತಮ್ಮನಿಗೆ ನೆತ್ತಿಗೇರಿತು, ಕೆಮ್ಮಿಕೊಂಡೇ ನಕ್ಕ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಭಾವ ತಟ್ಟೆ ನೋಡುತ್ತ ನಕ್ಕರು. ಮಗಳು ಮಾತ್ರ ನಗಲಿಲ್ಲ. ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಅದನ್ನು ಮೇಸ್ತ್ರಿಯ ಕಿವಿ ಗಮನಿಸಿತು. ಗಮನಿಸಿ ಸುಮ್ಮನಾಯಿತು.

ಅದಾದ ಕೆಲವೇ ದಿನಕ್ಕೆ ವ್ಯಾನ್ ಆಸ್ಪತ್ರೆಯ ಏರಿನ ನಡುಮಧ್ಯೆ ನಿಂತುಬಿಟ್ಟಿತು. ಆ ಆಸ್ಪತ್ರೆಯ ಅಡುಗೆಮನೆಗೆ ದಿನವೂ ಬೆಳಗಿನ ಬ್ರೆಡ್ ಹೋಗುತ್ತಿದ್ದುದು ಭಾವನ ಬೇಕರಿಯಿಂದ. ಅದಕ್ಕಿಂತ ದೊಡ್ಡ ಗಿರಾಕಿ ಅವರಿಗಿರಲಿಲ್ಲ. ಮೊದಲೇ ಎರಡು ಸಲ ತಡವಾಗಿತ್ತು. ಈ ಸಲ ಭಾವ ಮತ್ತು ಮಗಳು ಟ್ರೇಗಳನ್ನು ಹೊತ್ತುಕೊಂಡು ಏರು ಹತ್ತಿ ತಲುಪುವ ಹೊತ್ತಿಗೆ ರೋಗಿಗಳಿಗೆ ಬೇರೇನೋ ಕೊಟ್ಟು ಮುಗಿದಿತ್ತು. ನಾಳೆಯಿಂದ ಬರಬೇಡಿ ಅಂದರಂತೆ. ಫೋನಿನಲ್ಲಿ ಇಷ್ಟನ್ನು ಹೇಳಿ ಅಕ್ಕ ಅಳಲಿಲ್ಲ, ಬೈಯಲಿಲ್ಲ. "ಗಾಡಿ ಎಳೆಸಿಕೊಂಡು ಬರ್ತಿದಾರೆ, ನೋಡು" ಅಂದಳಷ್ಟೇ.

ವ್ಯಾನ್ ಬಂತು. ಮೇಸ್ತ್ರಿ ಭಾವನನ್ನು ಟೀ ತರಲು ಕಳಿಸಿ, ಯಾರೂ ಇಲ್ಲದ್ದು ನೋಡಿಕೊಂಡು, ಡ್ರಾಯರಿನಿಂದ ಸ್ಕ್ಯಾನರ್ ತೆಗೆದ. ಸ್ಟೀರಿಂಗಿನ ಕೆಳಗೆ ಚುಚ್ಚಿದ. ತೆರೆಯ ಮೇಲೆ ಒಂದು ಸಂಖ್ಯೆ, ಅದರ ಕೆಳಗೆ ಒಂದು ಸಾಲು ಮೂಡಿತು. ಅದರ ಅರ್ಥ ಇಷ್ಟೇ: ಇಂಜಿನ್ನಿಗೆ ಬರಬೇಕಾದಷ್ಟು ಗಾಳಿ ಬರುತ್ತಿಲ್ಲ.

ಉಸಿರು ಕಟ್ಟುತ್ತಿದೆ. ಭಾವ ಮೊದಲ ದಿನದಿಂದ ಹೇಳುತ್ತಿದ್ದುದು ಅದನ್ನೇ.

ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆಯನ್ನು ಮೇಸ್ತ್ರಿ ಬಿಚ್ಚಿದ. ಫಿಲ್ಟರ್ ಹೊಸದೇ, ಅವನೇ ಹಾಕಿದ್ದು. ಅದನ್ನೆತ್ತಿ, ಆಚೆಗಿನ ಕೊಳವೆ ಕಳಚಿ, ಬೆರಳು ಹಾಕಿ ತಡವಿದ. ಮೆತ್ತಗೆ ಏನೋ ತಾಗಿತು. ಎಳೆದ. ನೇರಳೆ ಬಣ್ಣದ, ಬಿಳಿ ಹೂವಿನ ಬಟ್ಟೆಯ ಚೌಕ. ಅವನ ಹೆಂಡತಿ ತನ್ನ ಹಳೆಯ ನೈಟಿ ಕತ್ತರಿಸಿ, ಅಂಚು ಹೊಲಿದು ಅವನಿಗೆ ಕೈ ಒರೆಸಿಕೊಳ್ಳಲು ಮಾಡಿಕೊಟ್ಟದ್ದು. ಅಂಥ ಬಟ್ಟೆ ಪ್ರಪಂಚದಲ್ಲಿ ಇನ್ಯಾವ ಗ್ಯಾರೇಜಿನಲ್ಲೂ ಇರಲು ಸಾಧ್ಯವಿಲ್ಲ.

ಎಲ್ಲವೂ ಒಮ್ಮೆಗೇ ನೆನಪಾಯಿತು. ಆ ಸರ್ವೀಸಿನ ದಿನ ಪೆಟ್ಟಿಗೆಯ ಧೂಳನ್ನು ಗಾಳಿ ಹೊಡೆದು ತೆಗೆಯುವಾಗ, ಒಳಗೆ ಕಸ ಹೋಗದಿರಲಿ ಎಂದು ಕೊಳವೆಯ ಬಾಯಿಗೆ ಈ ಬಟ್ಟೆ ತುರುಕಿದ್ದ. ಅಷ್ಟರಲ್ಲಿ ಯಾರೋ ಫೋನ್ ಮಾಡಿದರು, ಮಾತಾಡುತ್ತಲೇ ಹೊಸ ಫಿಲ್ಟರ್ ಇಟ್ಟು ಮುಚ್ಚಿದ. ಬಟ್ಟೆ ಒಳಗೇ ಜಾರಿ, ಗಾಳಿ ಅಳೆಯುವ ಸೆನ್ಸರಿನ ಜಾಲರಿಯ ಮುಂದೆ ಬಿದ್ದುಕೊಂಡಿತ್ತು. ನಿಂತ ಗಾಡಿಯಲ್ಲಿ ಅದು ಸಡಿಲವಾಗಿ ಜೋತಾಡುತ್ತದೆ, ಇಂಜಿನ್ ಬೆಣ್ಣೆಯಂತೆ ಓಡುತ್ತದೆ. ಏರಿನಲ್ಲಿ ಇಂಜಿನ್ ಜೋರಾಗಿ ಗಾಳಿ ಎಳೆದಾಗ ಬಟ್ಟೆಯೂ ಎಳೆದುಕೊಂಡು ಹೋಗಿ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದ ಅವನು. ಬರೀ ಹುಡುಕಿರಲಿಲ್ಲ, ಕೂಸು ಕದ್ದವರು ನೀವೇ ಅಂತ ಭಾವನಿಗೆ ಹೇಳಿದ್ದ.

ಕಿವಿಯವರೆಗೆ ಬಿಸಿ ಏರಿತು. ಸುತ್ತ ನೋಡಿದ. ಯಾರೂ ಕಾಣಲಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ಪ್ಯಾಂಟಿನ ಜೇಬಿಗೆ ತುರುಕಿದ, ಕೊಳವೆ ಜೋಡಿಸಿದ, ಪೆಟ್ಟಿಗೆ ಮುಚ್ಚಿದ, ಸ್ಕ್ಯಾನರಿನಲ್ಲಿ ದೀಪ ಆರಿಸಿದ. ಆ ಕೆಲಸವನ್ನೆಲ್ಲ ಅವನ ಕೈಗಳು ಕಳ್ಳನ ಕೈಗಳ ಹಾಗೆ ಚುರುಕಾಗಿ ಮಾಡಿದವು.

ಭಾವ ಟೀ ತಂದರು. ಲೋಟ ಮುಟ್ಟಿದರೆ ಉಗುರುಬೆಚ್ಚಗೂ ಇರಲಿಲ್ಲ.

"ಟೀ ತರೋದಕ್ಕೂ ಇಷ್ಟು ಹೊತ್ತಾ ಭಾವ? ಆರಿ ಹೋಗಿದೆ" ಅಂದ ಮೇಸ್ತ್ರಿ. ಆ ಮಾತು ಅಭ್ಯಾಸದಿಂದಲೇ ಬಂತು.

"ಅಂಗಡೀಲಿ ಜನ ಇದ್ರು" ಅಂದರು ಭಾವ. "ಏನಾದ್ರೂ ಗೊತ್ತಾಯ್ತಾ?"

"ಗಾಳಿ ಸೆನ್ಸರ್ ಸರಿ ಇರಲಿಲ್ಲ. ಕಂಪನಿ ಮಾಲೇ ಹಾಗೆ. ಈಗ ಸರಿ ಹೋಯ್ತು, ಇನ್ನು ಹತ್ತಲ್ಲ."

ಭಾವ ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಕಾಯುತ್ತಿರುವವರ ಹಾಗೆ ನೋಡಿದರು. ಆಮೇಲೆ, "ಸರಿ, ಒಳ್ಳೇದಾಯ್ತು" ಅಂದು ವ್ಯಾನ್ ಹತ್ತಿ ಹೋದರು. ಗೇಟು ದಾಟುವಾಗ ಗೇರ್ ಬದಲಾದದ್ದು ಮೇಸ್ತ್ರಿಗೆ ಕೇಳಿಸಿತು. ಎಲ್ಲೂ ಕಿರುಗುಟ್ಟಲಿಲ್ಲ, ಎಲ್ಲೂ ಜರ್ಕ್ ಹೊಡೆಯಲಿಲ್ಲ. ಅಷ್ಟು ನಯವಾಗಿ ಗೇರ್ ಹಾಕುವವರು ಅವನ ಗಿರಾಕಿಗಳಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದರು. ಭಾವ ಯಾವಾಗಲೂ ಹಾಗೇ ಓಡಿಸುತ್ತಿದ್ದರು. ಅವನ ಕಿವಿಗೆ ಅದೊಂದು ಬಿದ್ದಿರಲಿಲ್ಲ.

ಮಾರನೇ ದಿನ ಸಂಜೆ ಅಕ್ಕ ಬಂದು, ಗಾಡಿ ಈಗ ಏರನ್ನು ಸಲೀಸಾಗಿ ಹತ್ತುತ್ತದೆ ಅಂತ ಹೇಳಿ, ಬಿಸಿ ಬ್ರೆಡ್ಡಿನ ಪೊಟ್ಟಣ ಕೊಟ್ಟು ಹೋದಳು. ಹೆಂಡತಿ ಕತ್ತರಿಸಿ, ಬೆಣ್ಣೆ ಸವರಿ ತಟ್ಟೆಯಲ್ಲಿಟ್ಟಳು. ಮೇಸ್ತ್ರಿ ಒಂದು ತುಂಡು ಬಾಯಿಗಿಟ್ಟ. ಅಗಿದೂ ಅಗಿದೂ ಕೊನೆಗೆ ನೀರು ಕುಡಿದು ನುಂಗಿದ. ಉಳಿದದ್ದನ್ನು ಹಾಗೇ ಸರಿಸಿದ.

"ಹಲ್ಲು ನೋವಾ?" ಅಂದಳು ಹೆಂಡತಿ.

ಅವನು ಜೇಬಿನಿಂದ ಆ ಬಟ್ಟೆ ತೆಗೆದು ಮೇಜಿನ ಮೇಲಿಟ್ಟ. ಎಲ್ಲಿ ಸಿಕ್ಕಿತು ಅಂತ ಹೇಳಿದ. ಸೆನ್ಸರ್ ಅಂತ ಸುಳ್ಳು ಹೇಳಿದ್ದನ್ನೂ ಹೇಳಿದ. ಹೇಳುವಾಗ ಅವಳ ಮುಖ ನೋಡಲು ಆಗದೆ ಬೆಣ್ಣೆಯ ಚಾಕುವನ್ನು ನೋಡುತ್ತಿದ್ದ.

ಅವಳು ಬಟ್ಟೆಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಇದನ್ನ ನಂಗ್ಯಾಕೆ ಹೇಳ್ತೀರಿ? ಬ್ರೆಡ್ ಮಾಡೋಳು ನಾನಲ್ಲ."

ಮೇಸ್ತ್ರಿ ನೇರವಾಗಿ ಬೇಕರಿಗೆ ಹೋಗಲಿಲ್ಲ. ಬರಿಗೈಯಲ್ಲಿ ಹೋಗಿ ತಪ್ಪಾಯಿತು ಅನ್ನುವುದಕ್ಕಿಂತ, ಹೋದದ್ದನ್ನು ವಾಪಸು ತಂದುಕೊಟ್ಟು ಹೇಳಿದರೆ ಮುಖ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಆಸ್ಪತ್ರೆಯ ಅಡುಗೆಮನೆಗೆ ಹೋದ. ಹಬೆ ತುಂಬಿದ ದೊಡ್ಡ ಕೋಣೆ, ಮನುಷ್ಯರೇ ಇಳಿಯಬಹುದಾದಷ್ಟು ದೊಡ್ಡ ಪಾತ್ರೆಗಳು. ತಲೆಗೆ ಬಲೆಟೋಪಿ ಹಾಕಿಕೊಂಡಿದ್ದ ಮೇಲ್ವಿಚಾರಕಿ ಒಂದು ಕೈಯಲ್ಲಿ ಸೌಟು ಹಿಡಿದೇ ಅವನ ಮಾತು ಕೇಳಿದರು.

"ಗಾಡಿ ಕೆಟ್ಟಿದ್ದು ನನ್ನಿಂದ ಮೇಡಂ. ಮೆಕ್ಯಾನಿಕ್ ನಾನು. ಬೇಕರಿಯವರದ್ದು ಏನೂ ತಪ್ಪಿಲ್ಲ."

"ಗಾಡಿ ಕೆಟ್ಟಿತ್ತಾ?" ಅಂದರು ಆಕೆ. "ಅವರು ಗಾಡಿ ವಿಷಯ ಎತ್ತಲೇ ಇಲ್ಲ. ಹೊತ್ತಿಗೆ ಸರಿಯಾಗಿ ತಲುಪಿಸೋದು ನನ್ನ ಜವಾಬ್ದಾರಿ, ತಪ್ಪು ನಂದೇ ಅಂದ್ರು. ಪಾಪ, ಆ ಹುಡುಗಿ ಟ್ರೇ ಹೊತ್ತು ಬೆವರು ಸುರಿಸ್ತಾ ನಿಂತಿದ್ಲು." ಸೌಟನ್ನು ಪಾತ್ರೆಗೆ ಇಳಿಸಿದರು. "ಆದ್ರೆ ಬೇರೆಯವರಿಗೆ ಮಾತು ಕೊಟ್ಟಾಗಿದೆ. ನಾನು ಮಾತು ಬದಲಾಯಿಸೋ ಹಾಗಿಲ್ಲ."

ಮೇಸ್ತ್ರಿ ಇನ್ನೂ ಏನೋ ಹೇಳಲು ಬಾಯಿ ತೆರೆದ. ಆಕೆ ಆಗಲೇ ಆಚೆಯ ಪಾತ್ರೆಯ ಕಡೆ ಹೋಗಿದ್ದರು. ಹಬೆಯಲ್ಲಿ ಒದ್ದೆಯಾದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದ. ಏರು ಇಳಿಯುವಾಗ ನಡೆದೇ ಇಳಿದ. ಬರಿಗೈಯಲ್ಲಿ ಇಳಿಯುವುದೇ ಮೊಣಕಾಲಿಗೆ ಸಾಕಾಯಿತು. ಆ ಹುಡುಗಿ ಇಲ್ಲಿ ಟ್ರೇ ಹೊತ್ತು ಹತ್ತಿದ್ದಳು.

ಬೇಕರಿಯಲ್ಲಿ ಮಧ್ಯಾಹ್ನದ ಬಿಡುವು. ಒಲೆ ಆರಿತ್ತು, ಗೋಡೆಗಳು ಇನ್ನೂ ಕಾವು ಬಿಡುತ್ತಿದ್ದವು. ಭಾವ ಮರದ ಮೇಜಿನ ಮೇಲೆ ಮರುದಿನದ ಹಿಟ್ಟು ನಾದುತ್ತಿದ್ದರು. ಮಗಳು ಮೂಲೆಯಲ್ಲಿ ಖಾಲಿ ಟ್ರೇಗಳನ್ನು ಒರೆಸಿ ಪೇರಿಸುತ್ತಿದ್ದಳು. ಆಸ್ಪತ್ರೆಯ ಬ್ರೆಡ್ ಹೋಗುತ್ತಿದ್ದ ಟ್ರೇಗಳು, ಈಗ ಕೆಲಸವಿಲ್ಲದವು.

"ಭಾವ, ಒಂದು ಮಾತು."

"ಹೇಳು."

ಹೇಳಿದ. ಬಟ್ಟೆ, ಫೋನು, ಸುಳ್ಳು, ಆಸ್ಪತ್ರೆಗೆ ಹೋಗಿ ಬಂದದ್ದು. ಭಾವ ನಾದುವುದನ್ನು ನಿಲ್ಲಿಸಲಿಲ್ಲ. ಹಿಟ್ಟನ್ನು ಮಡಚಿ, ಅಂಗೈ ಬುಡದಿಂದ ಒತ್ತಿ, ತಿರುಗಿಸಿ, ಮತ್ತೆ ಮಡಚಿದರು.

"ಗೊತ್ತು" ಅಂದರು.

"ಏನು ಗೊತ್ತು?"

"ನೀನು ಬಟ್ಟೆ ಹೊರಗೆ ಎಳೆದಾಗ ಟೀ ಹಿಡ್ಕೊಂಡು ಗೇಟಿನ ಹತ್ರ ಇದ್ದೆ. ನೀನು ಜೇಬಿಗೆ ಹಾಕ್ಕೊಂಡೆ. ನಾನು ಹಿಂದೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೇಸ್ತ್ರಿಗೆ. ತಾನು ಬಚ್ಚಿಟ್ಟದ್ದಕ್ಕಿಂತ, ತಾನು ಬಚ್ಚಿಟ್ಟುಕೊಳ್ಳಲಿ ಅಂತ ಇನ್ನೊಬ್ಬರು ಆರಿದ ಟೀ ಹಿಡಿದು ಗೋಡೆಯಾಚೆ ಕಾದದ್ದು ಹೆಚ್ಚು ಸುಟ್ಟಿತು. ಆ ಟೀಗೂ ತಾನು ಭಾವನನ್ನು ಹೀಯಾಳಿಸಿದ್ದ.

"ಯಾಕೆ ಕೇಳಲಿಲ್ಲ ಭಾವ?"

"ನೀನೇ ಹೇಳ್ತೀಯೇನೋ ಅಂತ ನೋಡ್ದೆ. ಹೇಳಲಿಲ್ಲ. ಹೇಳೋಕೆ ಆಗ್ತಿಲ್ಲ ಇವನಿಗೆ ಅಂದ್ಕೊಂಡೆ. ಗಾಡಿ ಸರಿ ಹೋಯ್ತಲ್ಲ, ಬಿಡು."

"ತಪ್ಪಾಯ್ತು ಭಾವ."

"ಆಯ್ತು. ಬಿಡು."

ಟ್ರೇ ಒರೆಸುವ ಸದ್ದು ನಿಂತಿತು. ಮಗಳು ತಿರುಗಿ ನೋಡುತ್ತಿದ್ದಳು.

"ಅವತ್ತು ಎಲ್ಲರ ಮುಂದೆ ಆಡಿ ತೋರಿಸಿದ್ರಿ ಮಾವ" ಅಂದಳು. ದನಿ ಏರಿಸಲಿಲ್ಲ. "ಇವತ್ತು ಬಂದು ಹಿಟ್ಟಿನ ಮೇಜಿನ ಹತ್ರ ಪಿಸುಗುಡ್ತಿದೀರಿ."

"ಸುಮ್ನಿರು" ಅಂದರು ಭಾವ.

"ನಾನು ಸುಮ್ನೇ ಇದೀನಪ್ಪ. ಇಷ್ಟು ದಿನವೂ ಸುಮ್ನೇ ಇದ್ದೆ."

ಆ ಹುಡುಗಿ ಹುಟ್ಟಿದಾಗ ಮೊದಲು ಎತ್ತಿಕೊಂಡವನು ಮೇಸ್ತ್ರಿ, ಸೈಕಲ್ ಕಲಿಸಿದವನೂ ಅವನೇ. ಈಗ ಅವಳ ಕಣ್ಣಿಗೆ ಕಣ್ಣು ಕೊಡಲು ಆಗುತ್ತಿಲ್ಲ. ನೆಲದ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ತನ್ನ ಚಪ್ಪಲಿಯ ಗುರುತುಗಳನ್ನೇ ನೋಡುತ್ತ ಹೊರಗೆ ಬಂದ.

ಭಾನುವಾರ ಬಂತು. ಬೆಳಗ್ಗೆಯೇ ಅವನು, ಊಟಕ್ಕೆ ಹೋಗದಿದ್ದರೆ ಹೇಗೆ ಅಂತ ಹೆಂಡತಿಯನ್ನು ಕೇಳಿದ. ಅವಳು ಸೀರೆಯ ನೆರಿಗೆ ಹಿಡಿಯುತ್ತ, "ನಾನಂತೂ ಹೋಗ್ತೀನಿ" ಅಂದಳು.

ಎಲ್ಲರೂ ಕೂತು, ಬಡಿಸಿಯಾದ ಮೇಲೆ, ಮೊದಲ ತುತ್ತಿಗೆ ಮುಂಚೆಯೇ ಮೇಸ್ತ್ರಿ ಎದ್ದು ನಿಂತ. ಮತ್ತೇನೋ ಅಭಿನಯ ಇದೆ ಅಂದುಕೊಂಡು ತಮ್ಮ ಆಗಲೇ ಹಲ್ಲು ಬಿಟ್ಟ.

"ವ್ಯಾನಿನ ದೀಪ ಹತ್ತಿದ್ದು ಭಾವನಿಂದ ಅಲ್ಲ" ಅಂದ ಮೇಸ್ತ್ರಿ. "ನನ್ನಿಂದ. ಸರ್ವೀಸ್ ಮಾಡುವಾಗ ಕೈ ಒರೆಸೋ ಬಟ್ಟೆ ಒಳಗೆ ಬಿಟ್ಟು ಮುಚ್ಚಿದ್ದೆ. ಅದು ಗಾಳಿಗೆ ಅಡ್ಡ ಇತ್ತು. ಭಾವ ಸರಿಯಾಗೇ ಹೇಳ್ತಿದ್ರು, ನಾನು ಕೇಳಲಿಲ್ಲ. ಸಿಕ್ಕಿದ ಮೇಲೂ ಸೆನ್ಸರ್ ಅಂತ ಸುಳ್ಳು ಹೇಳ್ದೆ. ಆಸ್ಪತ್ರೆ ಬ್ರೆಡ್ ಹೋಗಿದ್ದು ನನ್ನಿಂದ. ಅವತ್ತು ಇಲ್ಲೇ ನಿಂತು ಆಡಿದ್ದು..." ಮಾತು ಅರ್ಧಕ್ಕೇ ಬಿಟ್ಟು ಕೂತುಕೊಂಡ.

ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಕೊನೆಗೆ ತಮ್ಮ ಅಂದ, "ಹಾಗಾದ್ರೆ ಈ ಸಲ ಭಾವ ಮುಟ್ಟದೇನೇ ಮುರೀತು ಅನ್ನು."

ಅಮ್ಮನ ತುಟಿಯಂಚಿನಲ್ಲಿ ನಗು ಹುಟ್ಟಿತು. ಅಭ್ಯಾಸದ ನಗು. ಅದು ಮೇಜಿನ ಸುತ್ತ ಹರಡುವ ಮೊದಲು ಎಲ್ಲರೂ ಭಾವನ ಕಡೆ ನೋಡಿದರು, ಅವರು ಶುರು ಮಾಡಲಿ ಅಂತ. ಭಾವ ನಗಲಿಲ್ಲ.

"ಆ ಕುರ್ಚಿ ಕಾಲು ಮೊದಲೇ ಮುರಿದಿತ್ತು" ಅಂದರು.

ಯಾವ ಕುರ್ಚಿ ಅಂತ ಯಾರೂ ಕೇಳಲಿಲ್ಲ.

"ಯಾರೋ ಅಂಟು ಹಾಕಿ ಇಟ್ಟಿದ್ರು, ಒಣಗಿರಲಿಲ್ಲ. ಕೂತಾಗ ಕೈಗೆ ಅಂಟು ಹತ್ತಿತ್ತು. ಹೊಸ ಅಳಿಯ ಏನು ಹೇಳ್ಲಿ ಅಂತ ನಕ್ಕುಬಿಟ್ಟೆ. ಅವತ್ತಿಂದ ನಗ್ತಾನೇ ಇದೀನಿ." ಅವರ ಮೆತ್ತನೆಯ ದನಿ ಮೆತ್ತಗೇ ಇತ್ತು, ಆದರೆ ಬೆರಳುಗಳು ತಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. "ಆಸ್ಪತ್ರೆ ಹೋದ್ರೆ ಇನ್ನೊಂದು ಗಿರಾಕಿ ಸಿಗುತ್ತೆ. ನನ್ನ ಮಗಳು ಇದನ್ನೆಲ್ಲ ಚಿಕ್ಕಂದಿನಿಂದ ಇದೇ ಮೇಜಲ್ಲಿ ಕೂತು ನೋಡಿದಾಳೆ. ನಂಗೆ ನಕ್ಕೂ ನಕ್ಕೂ ಸಾಕಾಗಿದೆ."

ಇಷ್ಟು ಹೇಳಿ ಅವರು ಊಟ ಶುರು ಮಾಡಿದರು. ಉಳಿದವರೂ ನಿಧಾನಕ್ಕೆ ಕೈ ಹಾಕಿದರು. ಅಮ್ಮ ಭಾವನ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು. ಮೇಸ್ತ್ರಿಗೆ ಎದ್ದು ಹೋಗುವ ಧೈರ್ಯ ಬರಲಿಲ್ಲ. ಎಲ್ಲರ ಊಟ ಮುಗಿಯುವವರೆಗೂ ಅಲ್ಲೇ ಕೂತಿದ್ದ. ಮಗಳು ಈ ಸಲ ತಟ್ಟೆ ಖಾಲಿ ಮಾಡಿದಳು. ಹೊರಡುವಾಗ, "ಬರ್ತೀನಿ ಮಾವ" ಅಂದಳು. ಅಕ್ಕ ಅಷ್ಟೂ ಹೇಳಲಿಲ್ಲ.

ಆಸ್ಪತ್ರೆ ಮತ್ತೆ ಬೇಕರಿಯವರನ್ನು ಕರೆಯಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ಹಾಸ್ಟೆಲಿನವರು ಭಾವನ ಹತ್ತಿರ ಬ್ರೆಡ್ ತರಿಸಲು ಶುರು ಮಾಡಿದರು, ಅದು ಆಸ್ಪತ್ರೆಯಷ್ಟು ದೊಡ್ಡದಲ್ಲ. ಭಾನುವಾರದ ಊಟಕ್ಕೆ ಅಕ್ಕನ ಮನೆಯವರು ಒಂದು ವಾರ ಬಂದರೆ ಎರಡು ವಾರ ಬರುತ್ತಿರಲಿಲ್ಲ.

ವ್ಯಾನಿಗೆ ಮತ್ತೆ ಸರ್ವೀಸಿನ ಹೊತ್ತು ಬಂತು. ಭಾವ ಪಕ್ಕದ ರಸ್ತೆಯ ಗ್ಯಾರೇಜಿಗೇ ಹೋಗುತ್ತಾರೆ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಒಪ್ಪಿಕೊಂಡಿದ್ದ. ಒಂದು ಬೆಳಗ್ಗೆ ಗೇಟಿನಲ್ಲಿ ಆ ಪರಿಚಿತ ಸದ್ದು ಕೇಳಿಸಿದಾಗ ಅವನು ಕಣ್ಣು ಮುಚ್ಚಲಿಲ್ಲ. ಹೋಗಿ ಗೇಟು ಪೂರ್ತಿ ತೆರೆದ.

"ಬನ್ನಿ ಭಾವ. ಹೇಗಿದೆ ಗಾಡಿ, ಹೇಳಿ."

ಭಾವ ಹೇಳಿದರು. ಬ್ರೇಕ್ ಒತ್ತುವಾಗ ಎಡಗಡೆ ಸಣ್ಣ ಸದ್ದು, ಚಳಿಯಲ್ಲಿ ಸ್ಟಾರ್ಟ್ ಆಗಲು ತಡ. ಮೇಸ್ತ್ರಿ ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಬಾನೆಟ್ ಎತ್ತಿದ. ಉಳಿದ ಗಿರಾಕಿಗಳ ಹಾಗೆ ಭಾವ ಕುರ್ಚಿಯ ಕಡೆಗಾಗಲಿ ಟೀ ಅಂಗಡಿಯ ಕಡೆಗಾಗಲಿ ಹೋಗಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತರು. ಮೇಸ್ತ್ರಿ ಯಾವುದನ್ನು ಬಿಚ್ಚಿದರೂ ಬಗ್ಗಿ ನೋಡಿದರು, ಯಾವುದನ್ನು ಮುಚ್ಚಿದರೂ ಮುಚ್ಚುವ ಮೊದಲು ಒಳಗೆ ಇಣುಕಿದರು. ಮೇಸ್ತ್ರಿಯ ಕತ್ತು ಬಿಸಿಯಾಯಿತು, ಕೈ ಎಂದಿನಷ್ಟು ಸಲೀಸಾಗಿ ಓಡಲಿಲ್ಲ. ಬೇರೆ ಯಾರೇ ಹಾಗೆ ಮಾಡಿದ್ದರೂ, "ದೂರ ನಿಲ್ರೀ" ಅನ್ನುತ್ತಿದ್ದ. ಈಗ ಫಿಲ್ಟರಿನ ಪೆಟ್ಟಿಗೆ ಬಿಚ್ಚಿದಾಗ ತಾನೇ ಸ್ವಲ್ಪ ಸರಿದು, ಭಾವನಿಗೆ ಚೆನ್ನಾಗಿ ಕಾಣಲಿ ಅಂತ ಜಾಗ ಬಿಟ್ಟುಕೊಟ್ಟ.